ಜಾಮೀನು ನಿಂತವರು

ಅಲಾಮಿತೊ, ನ್ಯೂ ಮೆಕ್ಸಿಕೊ
ಮಾರ್ಚ್ 22, 2013
ವ್ಯಾಕುಲ ಮಾತೆಯ ಶುಕ್ರವಾರ

ನನ್ನ ಮಗಳು ಕಸಿಲ್ದಾಳ ಜ್ಞಾನತಾಯಿ, ಪ್ರೀತಿಯ ಕೊಮಾದ್ರೆ ಪ್ರುದೆನ್ಸಿಯಾ ಅವರಿಗೆ, ಎದುವಿಹೆನ್ ಮಾಡುವ ವಂದನೆಗಳು.

ಇವತ್ತು ಉಪವಾಸ. ಬೆಳಿಗ್ಗೆ ಹಾಲಿಲ್ಲದ ಒಂದು ಲೋಟ ಕಾಫಿ ಕುಡಿದದ್ದು ಬಿಟ್ಟರೆ ಬಾಯಿಗೆ ಏನೂ ಹಾಕಿಲ್ಲ. ಒಲೆಯ ಬೂದಿ ಬಳಿದು ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಚೆಲ್ಲಿದೆ, ಕೋಳಿಗಳನ್ನು ಬಿಟ್ಟೆ, ಒಂದು ಹೊರೆ ಕಟ್ಟಿಗೆ ಒಡೆದು ಒಳಗೆ ತಂದೆ. ಸಂಜೆಗೆಂದು ಮೊಳಕೆ ಗೋಧಿಯ ಪನೋಚಾ ಒಲೆಯ ಮೇಲಿಟ್ಟು ಈಗ ಬರೆಯಲು ಕೂತಿದ್ದೇನೆ. ನೀವು ಇಲ್ಲಿದ್ದಿದ್ದರೆ ಪಾತ್ರೆಗೆ ಬೆರಳು ಅದ್ದಿ ನೆಕ್ಕಿ, "ಏನ್ರೀ ಕೊಮಾದ್ರೆ ಇಷ್ಟು ಸಿಹಿ! ಇದು ಉಪವಾಸಾನೋ ಮದುವೆ ಊಟಾನೋ?" ಎಂದು ಕೇಳುತ್ತಿದ್ದಿರಿ. ಆ ಮಾತು ಕೇಳದೆ ಈಸ್ಟರ್ ಮುಂಚಿನ ಈ ತಪಸ್ಸು ಕಾಲ ಪೂರ್ತಿ ಕಳೆಯಿತು.

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ತಪ್ಪು ತಿಳಿಯಬೇಡಿ. ಸೆಲೆದೋನ್ ಆಲೂಗಡ್ಡೆ ಲಾರಿಯಲ್ಲಿ ತಂದುಕೊಟ್ಟ ಗಂಟು ಫೆಬ್ರವರಿಯಲ್ಲೇ ಕೈಸೇರಿತು. ಮಗುವಿಗೆಂದು ಹೆಣೆದ ಹಳದಿ ಶಾಲು ಬಹಳ ಚೆನ್ನಾಗಿದೆ, ಅಂಚು ಒಂದೆಳೆಯೂ ಸಡಿಲವಿಲ್ಲ. ಕಸಿಲ್ದಾಳಿಗೆ ದಿನ ತುಂಬಿತೇ ಎಂದು ಕೇಳಿದ್ದಿರಿ. ಅವಳು ಇಲ್ಲೇ ನನ್ನ ಹತ್ತಿರವೇ ಇದ್ದಾಳೆ. ಅವಳ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಮನೆಯ ವಿಷಯ ಮುಗಿಸುತ್ತೇನೆ, ಅದಕ್ಕೆ ಹೊತ್ತು ಕಡಿಮೆ ಉಳಿದಿದೆ.

ಬರುವ ಮಂಗಳವಾರ, ಪವಿತ್ರ ವಾರದಲ್ಲೇ, ನಮ್ಮನ್ನು ಮತ್ತೆ ಪಟ್ಟಣಕ್ಕೆ ಕರೆದಿದ್ದಾರೆ. ಅವತ್ತು ನನ್ನ ಗಂಡ ಒನೋಫ್ರೆ ಕಳ್ಳನೋ ಅಲ್ಲವೋ ಎಂದು ಬರೆದುಕೊಳ್ಳುತ್ತಾರೆ. ಕಳ್ಳ ಎಂದು ಬರೆದರೆ ಮನೆ ಹೋಗುತ್ತದೆ. ಅಲ್ಲ ಎಂದು ಬರೆದರೆ ಉಳಿಯುವ ದಾರಿ ಇದೆ. ಆ ಒಂದು ಮಾತನ್ನು ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರೇ, ನೀವು ಮತ್ತು ನಿಮ್ಮ ಯಜಮಾನರು, ಕೊಂಪಾದ್ರೆ ಲದಿಸ್ಲಾವೊ.

ನಡೆದದ್ದನ್ನು ಬಿಡಿಸಿ ಹೇಳುತ್ತೇನೆ. ನೀವು ಹೊರಟುಹೋದ ಮೇಲಿನದು ನಿಮಗೆ ತಿಳಿದಿರಲಾರದು.

ಒನೋಫ್ರೆಗೆ ಕೆಮ್ಮು ಹೆಚ್ಚಾಗಿ, ಕೌಂಟಿಯವರು ಹಿಮ ತೆಗೆಯುವ ಗಾಡಿ ಓಡಿಸುವ ಕೆಲಸದಿಂದ ಇಳಿಸಿದರಲ್ಲ, ಅಲ್ಲಿಂದ ಮನೆಯ ಕಂತು ನಿಂತಿತು. ಆಗ ಸಾಲದ ಕಂಪನಿಯವರು ಬೈಯಲಿಲ್ಲ. ಫೋನಿನಲ್ಲಿ ಒಬ್ಬ ಹುಡುಗ, ಬಾಯಲ್ಲಿ ಜೇನು ಇಟ್ಟುಕೊಂಡವನ ಹಾಗೆ, "ಯೋಚನೆ ಮಾಡ್ಬೇಡಿಮ್ಮ. ನಿಮ್ಮ ಯಜಮಾನ್ರು ಯುದ್ಧಕ್ಕೆ ಹೋಗಿ ಬಂದೋರು, ಅವರ ಸಾಲಕ್ಕೆ ಸರ್ಕಾರವೇ ಜಾಮೀನು ನಿಂತಿದೆ. ವಸಂತದವರೆಗೂ ಕಾಯ್ತೀವಿ" ಎಂದ. ನಾನು ಆ ರಾತ್ರಿ ಸರ್ಕಾರಕ್ಕೂ ಸೇರಿಸಿ ಒಂದು ಜಪಸರ ಹೇಳಿದೆ.

ಆಮೇಲೆ ಕಂಪನಿ ಕೊಟ್ಟ ಸಾಲಗಳನ್ನೆಲ್ಲ ಸರ್ಕಾರದವರು ತಿರುವಿ ಹಾಕಿದರು. ಕಂಪನಿಯ ಕೆಲಸದಲ್ಲಿದ್ದ ಕೊಂಪಾದ್ರೆಯ ಕೈಯಿಂದ ಹೋದವುಗಳಲ್ಲಿ ಸುಳ್ಳು ಸಿಕ್ಕಿತು. ಅವರನ್ನು ಕೆಲಸದಿಂದ ತೆಗೆದರು, ನೀವಿಬ್ಬರೂ ಒಂದು ಬೆಳಗಾಗುವುದರೊಳಗೆ ಮನೆಗೆ ಬೀಗ ಹಾಕಿ ಪುವೆಬ್ಲೊಗೆ ಹೋದಿರಿ. ಅದಾಗಿ ನಮ್ಮನ್ನು ಕರೆದರು. ಸರ್ಕಾರದ ಕಡೆಯಿಂದ ಬಂದ ಹೆಂಗಸು ಒಳ್ಳೆಯವಳು, ಕೂರಿಸಿ ನೀರು ಕೊಟ್ಟು ಮಾತಾಡಿಸಿದಳು. ಅವಳು ಹೇಳಿದ್ದು ಇಷ್ಟು: "ನೋಡೀಮ್ಮ, ಸೈನಿಕ ವಾಸ ಮಾಡೋ ಮನೆ ಹೇಗಿರ್ಬೇಕು ಅಂತ ನಿಯಮ ಇದೆ. ಕಟ್ಟಿಗೆ ಒಲೆ ಒಂದೇ ಇದ್ರೆ ಸಾಲದು, ಪೈಪಿನ ನೀರು ಹೆಪ್ಪುಗಟ್ಟದ ಹಾಗೆ ಮನೆ ಕಾಯಿಸೋ ಹೀಟರೂ ಇರ್ಬೇಕು. ಕಂಪನಿ ಅದನ್ನ ನೋಡಿ, ಇದೆ ಅಂತ ನಮಗೆ ಬರೆದು ಕೊಡ್ಬೇಕು. ಆ ಮಾತು ನಂಬಿ ನಾವು ಜಾಮೀನು ನಿಂತ್ವಿ. ನಿಮ್ಮ ಮನೇಲಿ ಹೀಟರೇ ಇಲ್ಲ. ಸುಳ್ಳು ಹೇಳಿ ತಗೊಂಡ ಜಾಮೀನು ನಿಲ್ಲಲ್ಲ. ನಾವು ದುಡ್ಡು ಕೊಡಲ್ಲ, ನಷ್ಟ ಕಂಪನಿದೇ."

ನ್ಯಾಯವೇ ಅನ್ನಿಸಿತು ನನಗೆ. ಸುಳ್ಳಿಗೆ ದೇವರು ಕೂಡ ಜಾಮೀನು ನಿಲ್ಲುವುದಿಲ್ಲ. ಆದರೆ ಜಾಮೀನು ಬಿದ್ದುಹೋದ ದಿನವೇ ಕಂಪನಿಯ ಬಾಯಿಂದ ಜೇನು ಇಳಿದುಹೋಯಿತು. ಕಾಯುವ ಮಾತು ಹೋಗಿ ಹರಾಜಿನ ನೋಟೀಸು ಬಂತು. ಅಷ್ಟೇ ಅಲ್ಲ, ಅವರ ವಕೀಲ ಹೊಸ ರಾಗ ತೆಗೆದಿದ್ದಾನೆ. ಮೋಸ ಮಾಡಿದ್ದು ಕಂಪನಿಯಲ್ಲವಂತೆ, ಲದಿಸ್ಲಾವೊ ಮತ್ತು ಒನೋಫ್ರೆ ಇಬ್ಬರೂ ಸೇರಿ ಕಂಪನಿಯ ಕಣ್ಣಿಗೇ ಮಣ್ಣೆರಚಿದರಂತೆ. ಹೀಟರ್ ಇದೆ ಎಂದು ಸುಳ್ಳು ಬರೆದದ್ದು ಒನೋಫ್ರೆಗೆ ಗೊತ್ತಿತ್ತು ಎಂದು ತೀರ್ಮಾನವಾದರೆ ಪೂರ್ತಿ ಸಾಲ ಅವರ ತಲೆಗೆ, ಸೈನಿಕನಿಗಿರುವ ಹಕ್ಕೂ ಮುಗಿಯಿತು. ಗೊತ್ತಿರಲಿಲ್ಲ ಎಂದಾದರೆ ಸರ್ಕಾರದವರು ನಡುವೆ ನಿಂತು ಮನೆ ಉಳಿಸಲು ಕಂಪನಿಯೊಡನೆ ಮಾತಾಡುತ್ತೇವೆ ಎಂದಿದ್ದಾರೆ.

ಈಗ ಕೇಳಿ, ನನ್ನ ಗಂಡ ಅಲ್ಲಿ ಏನು ಮಾಡಿದರು ಅಂತ.

ವಕೀಲ ಕೇಳಿದ, "ಈ ಲದಿಸ್ಲಾವೊ ನಿಮಗೆ ಏನಾಗ್ಬೇಕು?"

ಒನೋಫ್ರೆ ಬೆನ್ನು ನೆಟ್ಟಗೆ ಮಾಡಿ ಕೂತರು. ಸೈನ್ಯದ ಕೋಟು ಹಾಕಿಕೊಂಡು ಹೋಗಿದ್ದರು. "ನನ್ನ ಕೊಂಪಾದ್ರೆ."

"ಹಾಗಂದ್ರೆ?"

"ನನ್ನ ಮಗಳಿಗೆ ಜ್ಞಾನತಂದೆ. ದೀಕ್ಷಾಸ್ನಾನದಲ್ಲಿ ಅವಳನ್ನ ಎತ್ತಿ ಹಿಡಿದು, ದೇವರ ಮುಂದೆ ಅವಳಿಗೆ ಜಾಮೀನು ನಿಂತೋರು."

ವಕೀಲ ನಕ್ಕ. "ಅಂದ್ರೆ ನಿಮ್ಮ ಪಾಲುಗಾರ ಅನ್ನಿ."

ಅಲ್ಲ ಎನ್ನಬೇಕಿತ್ತು ತಾನೇ? ಒನೋಫ್ರೆಗೆ ಅದು ಕಡಿಮೆ ಮಾತಾಗಿ ಕೇಳಿಸಿತು. "ಪಾಲುಗಾರ ಯಾವ ಲೆಕ್ಕ ಸ್ವಾಮಿ, ಅದಕ್ಕಿಂತ ಹೆಚ್ಚು" ಎಂದುಬಿಟ್ಟರು!

ವಕೀಲ ಅದನ್ನು ಹಾಗೆಯೇ ಬರೆಸಿದ. ಪಾಲುಗಾರನಿಗಿಂತ ಹೆಚ್ಚು. ನನ್ನ ಗಂಡ ತಮ್ಮ ಬಾಯಿಂದಲೇ ಹೇಳಿದ ಅತಿ ಮರ್ಯಾದೆಯ ಮಾತು ಅವರ ಕುತ್ತಿಗೆಗೆ ಬಂತು. ಆ ವಕೀಲನಿಗೆ ನಾನು ಹೇಗೆ ತಿಳಿಸಲಿ, ಕೊಂಪಾದ್ರೆ ಕೊಟ್ಟ ಕಾಗದವನ್ನು ಅವರ ಎದುರಿಗೇ ಓದಿ ನೋಡುವುದು ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವುದಕ್ಕಿಂತ ಕೀಳು ಎಂದು? ಸಾಲದ ಕಾಗದಕ್ಕೆ ಸಹಿ ಹಾಕಿದ ದಿನ ನೀವು ಅಲ್ಲೇ ಇದ್ದಿರಿ. ನಿಮ್ಮ ಕೈಯ ಕುಂಬಳಕಾಯಿ ಕಡುಬು ಮೇಜಿನ ಮೇಲಿತ್ತು. ಒನೋಫ್ರೆ ಕನ್ನಡಕ ಹುಡುಕಲು ಎದ್ದವರು, ಕೊಂಪಾದ್ರೆ ಏನೆಂದುಕೊಂಡಾರೋ ಎಂದು ಮತ್ತೆ ಕೂತರು. ಕೂತು, "ಹೀಟರ್ ಇಲ್ವಲ್ಲ ಕೊಂಪಾದ್ರೆ, ಒಪ್ತಾರಾ?" ಎಂದು ಕೇಳಿದರು. ನೆನಪಿದೆಯಲ್ಲವೇ? ಆಗ ಕೊಂಪಾದ್ರೆ, "ಅದನ್ನ ನನಗೆ ಬಿಡಿ ಕೊಂಪಾದ್ರೆ. ಬೇಸಿಗೆ ಒಳಗೆ ಕಂಪನಿ ಕಡೆಯಿಂದಲೇ ಹಾಕಿಸಿ ಕೊಡ್ತೀನಿ, ಹಾಕಿಸಿದ ಮೇಲೇ ಬರೀತೀನಿ" ಎಂದರು. ನೀವು ಕಡುಬಿನ ತಟ್ಟೆ ಮುಂದೆ ತಳ್ಳಿ, "ಗಂಡಸರು ಹೀಟರ್ ಮಾತಾಡ್ತಾ ಇದ್ರೆ ಕಡುಬು ಆರಿಹೋಗುತ್ತೆ" ಎಂದಿರಿ. ನಾವೆಲ್ಲ ನಕ್ಕೆವು. ಒನೋಫ್ರೆ ಸಹಿ ಹಾಕಿದರು. ನಮ್ಮವರು ಮಾಡಿದ್ದು ಇಷ್ಟೇ. ಬೇಸಿಗೆಗಳು ಬಂದು ಹೋದವು, ಹೀಟರ್ ಬರಲಿಲ್ಲ. ಕೇಳಿದರೆ ನೆನಪಿಸಿದ ಹಾಗಾಗುತ್ತದೆ, ನೆನಪಿಸಿದರೆ ನಂಬಲಿಲ್ಲ ಎಂದಾಗುತ್ತದೆ ಎಂದು ಒನೋಫ್ರೆ ಕೇಳಲೇ ಇಲ್ಲ.

ಇನ್ನೊಂದು ಮಾತಿದೆ. ಸರ್ಕಾರದ ಹೆಂಗಸು ಒಂದು ಫೋಟೋ ತೆಗೆದು ಮುಂದಿಟ್ಟಳು. ನಮ್ಮ ಮನೆಯ ಹೀಟರ್ ಎಂದು ಕಂಪನಿಯಿಂದ ಹೋದ ಫೋಟೋ. "ಇದು ಯಾರ ಮನೇದು, ಗೊತ್ತಾ?" ಎಂದು ಕೇಳಿದಳು. ಹೀಟರಿನ ಪಕ್ಕ ಗೋಡೆಗೆ ಒರಗಿಸಿದ ಹುಲ್ಲಿನ ಪೊರಕೆ ಇತ್ತು. ಹಿಡಿಗೆ ಕೆಂಪು ದಾರ. ಆ ದಾರ ಸುತ್ತಿದ್ದು ನನ್ನ ಈ ಕೈ. ಸಾಲ ಮಾಡಿದ್ದಕ್ಕೆ ಹಿಂದಿನ ಸುಗ್ಗಿಯಲ್ಲಿ ಹುಲ್ಲು ಕೊಯ್ದು ಎರಡು ಪೊರಕೆ ಕಟ್ಟಿ, ಒಂದನ್ನು ನಿಮಗೆ ಕೊಟ್ಟಿದ್ದೆ. ನಿಮ್ಮ ಹಿತ್ತಿಲ ಕೋಣೆಯನ್ನು ನಾನು ಗುರುತಿಸೆನೇ?

ಒನೋಫ್ರೆಯೂ ಗುರುತಿಸಿದರು. ತಲೆ ಬಗ್ಗಿಸಿದರು. ಮಾತಾಡಲಿಲ್ಲ. ವಕೀಲ ಮೇಜು ತಟ್ಟಿ, "ನೋಡಿದ್ರಾ? ಗೊತ್ತಿದ್ದೂ ಹೇಳ್ತಾ ಇಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದ. ನಾನೂ ಸುಮ್ಮನಿದ್ದೆ. ಬರುವಾಗ ಗಾಡಿಯಲ್ಲಿ, "ಒಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದೆ. "ಕೊಂಪಾದ್ರೆ ಮೇಲೆ ನನ್ನ ಬಾಯಿಂದ ಬರಲ್ಲ ವಿಹೆ. ಅವರು ತಾವಾಗೇ ಬಂದು ಹೇಳ್ತಾರೆ" ಎಂದರು. ಆ ನಂಬಿಕೆ ಅವರಿಗೆ ಇನ್ನೂ ಇದೆ. ನೀವು ಅದನ್ನು ಕೊಂಪಾದ್ರೆಗೆ ಓದಿ ಹೇಳಿ. ದಯವಿಟ್ಟು ಓದಿ ಹೇಳಿ.

ಊರಿನ ಸುದ್ದಿ ಎಂದರೆ, ಹೋದ ಶನಿವಾರ ಕಾಲುವೆಯ ಹೂಳು ತೆಗೆದರು. ಕೆಮ್ಮಿದ್ದರೂ ಒನೋಫ್ರೆ ಸಲಿಕೆ ಹಿಡಿದು ಹೋದರು, ಮನೆಗೊಬ್ಬರು ಹೋಗಲೇಬೇಕಲ್ಲ. ಅಲ್ಲಿ ಕೆಳಗಿನ ಊರಿನವನೊಬ್ಬ, ನಮ್ಮ ವಿಷಯ ಅರೆಬರೆ ಕೇಳಿದವನು, "ಏನಪ್ಪ ಒನೋಫ್ರೆ, ನಿಮ್ಮನೇಲಿ ಸರ್ಕಾರಿ ಹೀಟರ್ ಇದೆಯಂತಲ್ಲ! ನಮ್ಮ ಕೋಳಿಮರಿ ನಾಲ್ಕು ಕಳಿಸ್ತೀನಿ, ಕಾಯಿಸಿ ಕೊಡ್ತೀಯಾ?" ಎಂದನಂತೆ. ನಮ್ಮೂರಿನವರು ಒಬ್ಬರೂ ನಗಲಿಲ್ಲವಂತೆ. ತಮಾಷೆಗೆ ಎಲ್ಲರಿಗಿಂತ ಮೊದಲು ನಗುವವರು ಒನೋಫ್ರೆ. ಅವರು ಸಲಿಕೆಯನ್ನು ದಂಡೆಯ ಮೇಲೆ ಊರಿ ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ಮಲಗಿದರು. ಸಂಜೆ ಯಾರೋ ಸಲಿಕೆ ತಂದು ಗೇಟಿನ ಹತ್ತಿರ ಇಟ್ಟು ಹೋದರು.

ಕೊಮಾದ್ರೆ, ಕೊಂಪಾದ್ರೆಗೆ ಜೈಲಿನ ಭಯ ಇದೆ ಎಂದು ನನಗೆ ಗೊತ್ತು. ತಿಂಗಳಿಗೆ ಇಷ್ಟು ಮನೆಸಾಲ ಮಾಡಿಸದಿದ್ದರೆ ಕೆಲಸವಿಲ್ಲ ಎಂದು ಆ ಕಂಪನಿ ಅವರ ಬೆನ್ನಿಗೆ ಬಿದ್ದಿದ್ದೂ ಗೊತ್ತು. ಅವರೊಬ್ಬರೇ ಕೆಟ್ಟವರೆಂದು ನಾನು ಅನ್ನುವುದಿಲ್ಲ. ಹೀಟರಿನ ಸುಳ್ಳು ಹೇಗೂ ಹೊರಗೆ ಬಿದ್ದಿದೆ, ಅದನ್ನು ಮುಚ್ಚಿಡಲು ಇನ್ನು ಆಗದು. ನಾನು ಕೇಳುವುದು ಒಂದೇ ಒಂದು ವಾಕ್ಯ: ಒನೋಫ್ರೆಗೆ ಗೊತ್ತಿರಲಿಲ್ಲ. ಅಷ್ಟನ್ನು ಬರೆದು ಕೊಂಪಾದ್ರೆ ಸಹಿ ಹಾಕಲಿ. ಅವರಿಗೆ ಕೈ ಬಾರದಿದ್ದರೆ, ಆ ದಿನ ನಿಮ್ಮ ಕಿವಿಯಾರೆ ಕೇಳಿದ್ದನ್ನು ನೀವೇ ಬರೆದು ಕೊಡಿ. ಎರಡೂ ಆಗದಿದ್ದರೆ, ಮಂಗಳವಾರ ಆ ಹೆಂಗಸು ಫೋಟೋವನ್ನು ಮತ್ತೆ ಮುಂದಿಡುತ್ತಾಳೆ. ನನ್ನನ್ನು ಕೇಳುತ್ತಾಳೆ. ಆಗ ಆ ಪೊರಕೆ ಯಾರದೆಂದು ನಾನು ಹೇಳುತ್ತೇನೆ. ಹಿಂದಿನಿಂದ ಹೇಳಬಾರದೆಂದು ನಿಮಗೆ ಮೊದಲೇ ತಿಳಿಸುತ್ತಿದ್ದೇನೆ.

ಕಸಿಲ್ದಾಳ ದೀಕ್ಷಾಸ್ನಾನದ ಭಾನುವಾರ ನೆನಪಾಗುತ್ತಿದೆ. ಇಗರ್ಜಿಯ ಮೆಟ್ಟಿಲ ಮೇಲೆ ಮಗುವನ್ನು ನನ್ನ ಕೈಗೆ ಕೊಡುತ್ತಾ ನೀವು, "ಇಕೋ ವಿಹೆ, ಇನ್ಮೇಲೆ ನೀನು ಗೀನು ಅನ್ನೋ ಹಾಗಿಲ್ಲ ಕಣೇ..." ಎಂದು, ನಾಲಿಗೆ ಕಚ್ಚಿಕೊಂಡು, "ಅಲ್ಲ, ಕಣ್ರೀ!" ಎಂದಿರಿ. ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಬ್ಬರ ಜಡೆ ಒಬ್ಬರು ಎಳೆದವರು ನಾವು. ಕೊಮಾದ್ರೆಗಳಾದ ಆ ದಿನದಿಂದ ಒಂದು ಸಲವೂ ನಿಮ್ಮನ್ನು ನೀನು ಎಂದವಳಲ್ಲ. ಜಗಳವಾಡಿದವಳಲ್ಲ. ಕೊಂಪಾದ್ರೆ ಕೊಮಾದ್ರೆಗಳು ಜಗಳವಾಡಿದರೆ ಸತ್ತ ಮೇಲೂ ನೀರು ಸಿಗದೆ ಅಲೆಯುತ್ತಾರೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ನಿಮಗೂ ಗೊತ್ತು.

ಪವಿತ್ರ ವಾರದಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತೇವೆ. ನನ್ನಿಂದ ತಪ್ಪಾಗಿದ್ದರೆ ದೇವರ ಮೇಲಿನ ಪ್ರೀತಿಗಾಗಿ ಕ್ಷಮಿಸಿ. ದೇವರು ನಿಮ್ಮಿಬ್ಬರನ್ನೂ ತನ್ನ ಕೈಯಲ್ಲಿ ಇಟ್ಟುಕೊಳ್ಳಲಿ, ಪರವೂರಿನಲ್ಲಿ ನಿಮಗೆ ಅನ್ನ ನೀರಿಗೆ ಕೊರತೆ ಬಾರದಿರಲಿ, ಕೊಂಪಾದ್ರೆಯ ನಾಲಿಗೆಗೆ ಬಲ ಕೊಡಲಿ.

ನಿಮ್ಮ ಕೊಮಾದ್ರೆ,
ಎದುವಿಹೆನ್

ತಾ.ಕ. — ಈ ಹಾಳೆ ಬೇರೆ. ಕೊಂಪಾದ್ರೆಗೆ ಮೇಲಿನದನ್ನಷ್ಟೇ ಓದು. ಇದನ್ನು ನೀನೊಬ್ಬಳೇ ಓದಿ ಒಲೆಗೆ ಹಾಕು. ಹೌದು ಪ್ರುದೆ, ನೀನು ಎಂದೇ ಬರೆದಿದ್ದೇನೆ. ಇದನ್ನು ಕೊಮಾದ್ರೆಗೆ ಬರೆಯಲು ನನಗೆ ಆಗುವುದಿಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳಿಗೆ ಬರೆಯುತ್ತಿದ್ದೇನೆ.

ಕಸಿಲ್ದಾಳಿಗೆ ಹೆರಿಗೆ ಆಯಿತು. ಈಗ ಬರುವ ಗರಿಗಳ ಭಾನುವಾರದ ಹೊತ್ತಿಗೆ ಎಂದು ಲೆಕ್ಕ ಹಾಕಿದ್ದೆವು, ಜನವರಿಯಲ್ಲೇ ಆಯಿತು. ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಒನೋಫ್ರೆ ಬಿಟ್ಟ ಗಾಡಿಗೆ ಕೌಂಟಿಯವರು ಇನ್ನೂ ಯಾರನ್ನೂ ಹಾಕಿರಲಿಲ್ಲ. ಆಂಬ್ಯುಲೆನ್ಸ್ ದಿಬ್ಬದ ಕೆಳಗೇ ನಿಂತಿತು. ಮಧ್ಯಾಹ್ನ ಹೆಣ್ಣುಮಗು ನನ್ನ ಕೈಗೇ ಬಂತು, ಅಂಗೈಗಿಂತ ಸ್ವಲ್ಪ ದೊಡ್ಡದು. ಅತ್ತಿತು ಪ್ರುದೆ, ಬೆಕ್ಕಿನ ಮರಿಯ ಹಾಗೆ. ಪೈಪು ಹೆಪ್ಪುಗಟ್ಟಿ ಒಡೆದು ಮನೆಯಲ್ಲಿ ಹನಿ ನೀರಿರಲಿಲ್ಲ. ಹಿಮ ಕರಗಿಸಿ, ಬೆರಳಿನಿಂದ ಬಿಸಿ ನೋಡಿ, ನಾನೇ ಅದರ ತಲೆಗೆ ನೀರು ಹಾಕಿ ಮರಿಯಾ ಎಂದು ಹೆಸರಿಟ್ಟೆ. ರೊಟ್ಟಿ ಬೇಯಿಸುವ ತಟ್ಟೆಗೆ ಉಣ್ಣೆ ಹಾಸಿ ಮಲಗಿಸಿ ಒಲೆಯ ಬಾಯಿಯ ಹತ್ತಿರ ಹಿಡಿದುಕೊಂಡು ಕೂತೆ. ಒಲೆಯ ಕಡೆಯ ಮಗ್ಗುಲು ಬಿಸಿ, ಈಚೆಯ ಮಗ್ಗುಲು ತಣ್ಣಗೆ. ತಿರುಗಿಸುತ್ತಲೇ ಇದ್ದೆ. ರೊಟ್ಟಿ ತಿರುಗಿಸಿದ ಹಾಗೆ ತಿರುಗಿಸುತ್ತಲೇ ಇದ್ದೆ.

ನಿನ್ನ ಹಿತ್ತಿಲ ಕೋಣೆಯ ಹೀಟರ್ ನೆನಪಾಯಿತು. ಹಳ್ಳ ದಾಟಿದರೆ ನಿನ್ನ ಮನೆ. ನಿಮ್ಮ ಗ್ಯಾಸ್ ಟ್ಯಾಂಕಿನಲ್ಲಿ ಇನ್ನೂ ಅರ್ಧ ಇತ್ತು. ಬೀಗ ಒಡೆದು ಹೀಟರ್ ಹಚ್ಚಿ ಬನ್ನಿ, ಕಸಿಲ್ದಾಳನ್ನೂ ಮಗುವನ್ನೂ ಅಲ್ಲಿಗೆ ಹೊತ್ತುಕೊಂಡು ಹೋಗೋಣ ಎಂದೆ. ಒನೋಫ್ರೆ ಕೊಡಲಿ ತೆಗೆದುಕೊಂಡು ಸೊಂಟ ಮುಳುಗುವ ಹಿಮದಲ್ಲಿ ಹೋದರು. ಹೋದವರು ನಿನ್ನ ಬಾಗಿಲ ಮುಂದೆ ನಿಂತು, ಹಾಗೆಯೇ ತಿರುಗಿ ಬಂದರು. "ಕೈ ಏಳಲಿಲ್ಲ ವಿಹೆ. ಕೊಂಪಾದ್ರೆ ಮನೆ ಬೀಗ. ಹೇಗೆ ಒಡೀಲಿ?" ಎಂದರು. ನಾನು ಕಿರುಚಿದೆ. ಅವರು ಮತ್ತೆ ಓಡಿ ಹೊರಟರು. ಅವರು ಗೇಟು ದಾಟುವ ಮೊದಲೇ ಇಲ್ಲಿ ಅವಸರ ಮುಗಿದಿತ್ತು. ಕರೆದು ಒಳಗೆ ಕೂರಿಸಿದೆ.

ಅವರು ಪಟ್ಟಣದಲ್ಲಿ ಬಾಯಿ ಬಿಡದಿರಲು ಕಾರಣ ಅದು. ಮರ್ಯಾದೆ ಎಂದು ಮೇಲೆ ಬರೆದೆ, ಅದೂ ಸುಳ್ಳಲ್ಲ. ಆದರೆ ನಮ್ಮ ಮನೆ ಹೋದರೆ ಹೋಗಲಿ, ತನಗೆ ಆಗಬೇಕಾದ್ದೇ ಎಂದು ಅವರು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಸೆಲೆದೋನನಿಗೆ ನಿಮಗೆ ತಿಳಿಸಬೇಡ ಎಂದು ನಾನೇ ಆಣೆ ಹಾಕಿಸಿದ್ದೆ. ಮೊದಲೇ ಅವನ ಬಾಯಿಂದ ಮಾತು ತೆಗೆಯುವುದು ಕಲ್ಲಿನಿಂದ ನಾರು ತೆಗೆದ ಹಾಗೆ.

ನೀರು ಹಾಕಿದವಳು ಮಗುವಿನ ತಾಯಿಗೆ ಕೊಮಾದ್ರೆ ಆಗುತ್ತಾಳಲ್ಲವೇ? ಹೆತ್ತ ಮಗಳಿಗೇ ನಾನು ಕೊಮಾದ್ರೆ ಆದೆ. ಅವತ್ತಿನಿಂದ ಕಸಿಲ್ದಾ ನನ್ನನ್ನು ನೀವು ಎನ್ನುತ್ತಾಳೆ. "ಕಾಫಿ ಕುಡೀರಿ" ಎನ್ನುತ್ತಾಳೆ. "ನೀವು ಮಲಗಿ, ನಾನು ಒಲೆ ನೋಡ್ಕೋತೀನಿ" ಎನ್ನುತ್ತಾಳೆ. ನಿನ್ನ ಹಳದಿ ಶಾಲು ಬರುವಷ್ಟರಲ್ಲಿ ಹೂತು ಬಂದಿದ್ದೆವು. ಅದನ್ನು ವ್ಯಾಕುಲ ಮಾತೆಯ ಪ್ರತಿಮೆಯ ಭುಜಕ್ಕೆ ಹೊದಿಸಿದ್ದೇನೆ. ಅವಳಿಗೆ ಸರಿಯಾಗಿದೆ.

ಇದನ್ನು ಮೇಲೆ ಬರೆಯದೆ ಇದ್ದದ್ದು ಏಕೆಂದರೆ, ಸತ್ತ ಕೂಸನ್ನು ತೋರಿಸಿ ಸತ್ಯ ಕೊಂಡುಕೊಳ್ಳುವುದು ನನಗೆ ಬೇಡ. ಲದಿಸ್ಲಾವೊ ಹೇಳುವುದಾದರೆ ದೇವರಿಗೆ ಅಂಜಿ ಹೇಳಲಿ. ಇದನ್ನು ತಿಳಿದು ಅಳುವುದು ಆಮೇಲೆ ಇದ್ದೇ ಇದೆ.

ಉತ್ತರವನ್ನು ಅಂಚೆಗೆ ಹಾಕಿದರೆ ಮಂಗಳವಾರದೊಳಗೆ ಬಾರದು. ಈ ಕಾಗದ ತಂದುಕೊಟ್ಟ ಸೆಲೆದೋನನೇ ಭಾನುವಾರ ಗರಿಗಳ ಪೂಜೆ ಮುಗಿಯುವ ಹೊತ್ತಿಗೆ ಮತ್ತೆ ನಿಮ್ಮ ಬೀದಿಯಲ್ಲಿ ಲಾರಿ ನಿಲ್ಲಿಸಿ ಬಾಗಿಲು ತಟ್ಟುತ್ತಾನೆ. ಬರಿಗೈಯಲ್ಲಿ ವಾಪಸು ಬರಬೇಡ ಎಂದು ಅವನಿಗೆ ಹೇಳಿದ್ದೇನೆ. ನೀನೇ ಬಾಗಿಲು ತೆಗೆದು ಉತ್ತರವನ್ನು ಅವನ ಕೈಗೆ ಕೊಡು. ಬರೆಯಲು ನಿಮ್ಮಿಬ್ಬರಿಗೂ ಆಗದೇಹೋದರೆ, ಒನೋಫ್ರೆ ಒಡೆಯಲಾರದೆ ಬಂದ ನಿನ್ನ ಮನೆಯ ಬೀಗದ ಕೈಯನ್ನಾದರೂ ಅವನ ಹತ್ತಿರ ಕೊಟ್ಟು ಕಳಿಸು.